ಖಾಲಿ ಕೈಯ ತಾಲೀಮು

ಮನೆ ಎತ್ತುವ ಮೇಸ್ತ್ರಿ ಶುದ್ಧ ಸೋಮಾರಿ ಎಂದೇ ನಾನು ಮೊದಲು ತಿಳಿದಿದ್ದೆ. ಅವರ ಆಳುಗಳು ಗೋಡೆಯ ಬುಡದ ಗುಂಡಿಗಳಲ್ಲಿ ಕುಕ್ಕರುಗಾಲಲ್ಲಿ ಕೂತು, ಜಾಕಿಗಳನ್ನು ಮುಟ್ಟದೆ, ಬರೀ ಗಾಳಿ ತಿರುಗಿಸುತ್ತಿದ್ದರು. ಕೂಲಿ ಪಡೆದು ಗಾಳಿ ತಿರುಗಿಸುವವರನ್ನು ಅದುವರೆಗೆ ಕಂಡಿರಲಿಲ್ಲ.

ಅದು ತಾಲೀಮು. ಚರಂಡಿ ನೀರು ನುಗ್ಗುವ ತಗ್ಗಿನ ಮನೆಗಳನ್ನು ಇಡಿಯಾಗಿ ಮೇಲೆತ್ತುವುದು ಅವರ ಕಸುಬು. ಯಾರ ನಂತರ ಯಾರು ಜಾಕಿ ತಿರುಗಿಸಬೇಕು, ಇಟ್ಟಿಗೆ ಯಾವಾಗ ತುಂಬಬೇಕು, ಗೋಡೆ ಬಿರುಕು ಬಿಟ್ಟರೆ ಯಾರು ಎತ್ತ ಓಡಬೇಕು ಎಂಬುದನ್ನೆಲ್ಲ ಖಾಲಿ ಕೈಯಲ್ಲಿ ಮಾಡಿಸಿ ನೋಡದೆ ಮೇಸ್ತ್ರಿಯ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ.

ಬಟ್ಟೆ ಅಂಗಡಿ ಸಾಹುಕಾರರ ಮನೆಯಲ್ಲಿ ತಾಲೀಮು ಕೆಟ್ಟಿತು. 'ಓಡಿ' ಎಂಬ ಸೀಟಿಗೆ ಎಲ್ಲರೂ ಹೊರಗೆ ಹಾರಿದರು. ಹಿಂದಿನ ಕೋಣೆಯಲ್ಲಿದ್ದ ಮೇಸ್ತ್ರಿಯ ಬಾಮೈದ ಮಾತ್ರ ಬರಲಿಲ್ಲ. ಅವನು ಓಡಬೇಕಿದ್ದ ಹಿತ್ತಿಲ ಬಾಗಿಲಿಗೆ ಒತ್ತಿ ಸಾಹುಕಾರರು ಮರಳು ಸುರಿಸಿದ್ದರು.

"ಬಾಗ್ಲು ತೆಗೀತಿಲ್ಲ ಭಾವ," ಎಂದು ಒಳಗಿಂದ ದನಿ ಬಂತು. "ಒಂದು ದಿಂಬು ಕಳ್ಸಿ, ಇಲ್ಲೇ ಇದ್ಬಿಡ್ತೀನಿ."

ಆಳುಗಳು ನಕ್ಕರು. ಮೇಸ್ತ್ರಿಗೆ ಮನೆಯ ಮಾತು ನೆನಪಾಯಿತು. 'ನನ್ನ ತಮ್ಮನ್ನ ಕರ್ಕೊಂಡು ಹೋಗ್ತಿದೀರ, ಕರ್ಕೊಂಡೇ ಬನ್ನಿ' ಎಂದಿದ್ದಳು ಹೆಂಡತಿ.

"ಇವತ್ತು ಎತ್ತಲ್ಲ ಸಾಹುಕಾರ್ರೇ. ಮರಳು ತೆಗೆಸ್ಬೇಕು, ಕೆಲ್ಸದ ಸರದಿ ಹೊಸ್ದಾಗಿ ಹಾಕ್ಬೇಕು."

ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೀದಿ ಮಧ್ಯೆ ಕುರ್ಚಿ ಹಾಕಿಸಿಕೊಂಡಿದ್ದ ಸಾಹುಕಾರರ ಮುಖ ಹುಳ್ಳಗಾಯಿತು. "ನೆಂಟ್ರನ್ನೆಲ್ಲ ಕರ್ಸಿದೀನಲ್ರೀ. ನನ್ನ ಮನೆ ಏಳೋದು ಬಿಟ್ಟು ಮರಳು ಏಳೋದು ತೋರಿಸ್ಲಾ?"

ಮೇಸ್ತ್ರಿ ಜಗ್ಗಲಿಲ್ಲ. ಮರಳು ತೆಗೆಸಿ, ಸಂಜೆಯವರೆಗೆ ಮತ್ತೆ ಗಾಳಿ ತಿರುಗಿಸಿದರು. ನೆಂಟರು ಆಕಳಿಸುತ್ತ ಹೋದರು.

ಮರುದಿನ ಮನೆ ಗೇಣುದ್ದ ಎದ್ದಿತ್ತಷ್ಟೆ. ಹಿಂದಿನ ಕೋಣೆಯಲ್ಲಿ ಒಣಕಟ್ಟಿಗೆ ಮುರಿದಂತೆ ಸದ್ದಾಯಿತು. ಮೇಸ್ತ್ರಿಯ ಬಾಯಿ ಎಷ್ಟು ಒಣಗಿತ್ತೆಂದರೆ ಸೀಟಿ ಮೊದಲ ಸಲ ಉಸ್ಸೆಂದಿತು, ಎರಡನೆಯ ಸಲ ಕೂಗಿತು. ಮೂಲೆಯ ಗೋಡೆ ಕುಸಿದು ಧೂಳೆದ್ದಿತು. ಎಲ್ಲರೂ ಹೊರಬಂದರು, ಒಬ್ಬನನ್ನು ಬಿಟ್ಟು. ಹೆಂಡತಿಗೆ ಏನು ಹೇಳುವುದೆಂದು ಮೇಸ್ತ್ರಿಯ ತಲೆ ಆಗಲೇ ಮಾತು ಹುಡುಕತೊಡಗಿತ್ತು.

ಹಿತ್ತಿಲ ಬಾಗಿಲ ಕಡೆಯಿಂದ ಸೀನು ಕೇಳಿಸಿತು. ಹಿಟ್ಟಿನ ಗಿರಣಿಯಿಂದ ಬಂದವನಂತೆ ಬೆಳ್ಳಗಾದ ಬಾಮೈದ ಮನೆ ಸುತ್ತಿ ಬಂದ. ಮೇಸ್ತ್ರಿ ಇದ್ದಲ್ಲೇ ಕುಸಿದು ಕೂತರು. ಯಾರೋ ಕೊಟ್ಟ ಚೊಂಬನ್ನು ಬಾಯಿಗೆತ್ತಿದರೆ ಅರ್ಧ ನೀರು ಪಂಚೆಗೆ ಹೋಯಿತು.

ಸಾಹುಕಾರರು ಅದನ್ನೇ ನೋಡುತ್ತ ಕೇಳಿದರು: "ಅಲ್ಲ ಮೇಸ್ತ್ರಿ, ಇಷ್ಟು ಹೆದರೋರು ಈ ಕೆಲ್ಸಕ್ಕೆ ಯಾಕ್ರೀ ಬಂದ್ರಿ?"

"ಹೆದರ್ದೇ ಇದ್ದಿದ್ರೆ ನಿನ್ನೆನೇ ಎತ್ತಿರ್ತಿದ್ದೆ."