ಬೀಗ ಹಾಕಿ ಕಳಿಸಿದ್ದು

ಅಣ್ಣನನ್ನು ಆಸ್ಪತ್ರೆಗೆ ಸೇರಿಸುವ ಹಿಂದಿನ ದಿನ ನಾವಿಬ್ಬರೂ ಹಜಾರದಲ್ಲಿ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದೆವು. ಅವನು ಹಿಸುಕಿದ ಕಾಳು ಪಾತ್ರೆ ಬಿಟ್ಟು ಸೋಫಾದ ಕೆಳಗೆಲ್ಲ ಹಾರುತ್ತಿತ್ತು. ಪಕ್ಕದಲ್ಲೇ ಅವನ ಫೋನು. ಮನೆಯವರು ಏನೇನು ನೋಡುತ್ತಾರೆ ಎಂಬುದನ್ನು ನೆಟ್ ಕಂಪನಿಯವರು ಕೂತಲ್ಲೇ ತಿಳಿದುಕೊಳ್ಳುತ್ತಾರೆ ಎಂದು ಎಲ್ಲೋ ಓದಿ, ಬೀಗದ ಚಿತ್ರವಿರುವ ಒಂದು ಆ್ಯಪ್ ಹಾಕಿಕೊಂಡಿದ್ದ. ಅದನ್ನು ಒತ್ತಿದರೆ ಫೋನಿನಿಂದ ಹೋಗುವುದೆಲ್ಲ ಬೀಗ ಹಾಕಿಕೊಂಡೇ ಹೋಗುತ್ತದಂತೆ.

"ನೀನು ನೋಡೋದು ಕಬಡ್ಡಿ. ಅದಕ್ಕೊಂದು ಬೀಗ ಬೇರೆ ಕೇಡು" ಎಂದೆ.

"ಕಬಡ್ಡಿನೇ ಆಗ್ಲಿ ಕಣೇ. ನಮ್ಮನೆ ವಿಷ್ಯ ಅವರ್ಗ್ಯಾಕೆ?"

ಆ ಫೋನಿನಲ್ಲಿ ಕಬಡ್ಡಿಗಿಂತ ದೊಡ್ಡದೊಂದು ಇತ್ತು. ನಮ್ಮ ಮಾರೇನಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಅಮ್ಮ ರಾಗಿ ಬೀಸುತ್ತ ಹಾಡುತ್ತಿದ್ದ ಪದಗಳು. ಅಮ್ಮನ ಕೊನೆಯ ವರ್ಷಗಳಲ್ಲಿ, ಮಧ್ಯಾಹ್ನ ಊಟವಾದ ಮೇಲೆ, ಅಣ್ಣ ಅವಳೆದುರು ಕೂತು ಅವನ್ನೆಲ್ಲ ವಿಡಿಯೋ ಮಾಡಿಕೊಂಡಿದ್ದ. ಅಮ್ಮ ಮಧ್ಯದಲ್ಲಿ ಮರೆತು ನಿಲ್ಲಿಸುತ್ತಿದ್ದಳು, ಇವನು ಮುಂದಿನ ಸಾಲು ಎತ್ತಿಕೊಡುತ್ತಿದ್ದ. ಇಬ್ಬರ ದನಿಯೂ ಅದರಲ್ಲಿತ್ತು, ಬೇರೆಲ್ಲೂ ಇರಲಿಲ್ಲ. ನನ್ನ ಫೋನಿಗೂ ಹಾಕಿಕೊಡು ಎಂದರೆ "ಎಲ್ಲಾನೂ ಒಂದೇ ಸಲ ಕಳಿಸ್ತೀನಿ ಇರು" ಎನ್ನುತ್ತಿದ್ದ. ಅವತ್ತೂ ಹಾಗೇ ಅಂದ.

ಮಾರನೆಯ ದಿನ ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತ. ಫೋನನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೇ ಆಂಬುಲೆನ್ಸ್ ಹತ್ತಿದ. ಆಮೇಲೆ ನಮ್ಮ ಕೈಗೆ ಬಂದ ಚೀಲದಲ್ಲಿ ಅಂಗಿ ಇತ್ತು, ಕನ್ನಡಕ ಇತ್ತು, ಫೋನ್ ಇರಲಿಲ್ಲ. ಯಾರನ್ನೂ ದೂರಲಾರೆ. ಆ ಗಡಿಬಿಡಿಯಲ್ಲಿ ಎಲ್ಲಿ ಬಿತ್ತೋ. ಕರೆ ಮಾಡಿದರೆ ಸ್ವಿಚ್ ಆಫ್ ಎಂದೇ ಬರುತ್ತಿತ್ತು. ಆಸ್ಪತ್ರೆಯ ದಿನದಲ್ಲಿ ನನಗೆ ಚೆನ್ನಾಗಿ ನೆನಪಿರುವುದು ಒಂದೇ. ಬೆಳಿಗ್ಗೆ "ಅವರು ತಿಂಡಿ ತಿಂದಿದ್ರಾ?" ಎಂದು ಕೇಳಿದ ಅದೇ ಮನುಷ್ಯ ಸಂಜೆ "ಅದನ್ನ ಎಷ್ಟೊತ್ತಿಗೆ ತಗೊಂಡ್ಹೋಗ್ತೀರಾ?" ಎಂದು ಕೇಳಿದ. ಕೆಟ್ಟ ಮನಸ್ಸಿನಿಂದಲ್ಲ. ಜೀವ ಹೋದ ಮೇಲೆ ಎಲ್ಲರೂ ಹಾಗೇ ಅನ್ನುತ್ತಾರೆ. ಆದರೆ ನನ್ನ ಕಿವಿಯಲ್ಲಿ ಅದು ಉಳಿದುಬಿಟ್ಟಿತು.

ಸತ್ತವರು ಮನೆಯಲ್ಲಿ ಸುಳಿದಾಡುತ್ತಾರೆ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಅಡುಗೆಮನೆಗೆ ಹೋಗುವವಳು. ವಾದ ಮಾಡುವಷ್ಟು ಓದಿದವಳಲ್ಲ, ನಂಬುವವಳೂ ಆಗಿರಲಿಲ್ಲ. ಈಗಲೂ ನಂಬುತ್ತೇನೆಂದು ಹೇಳುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ತಿಥಿ ಕಾರ್ಯವೆಲ್ಲ ಮುಗಿದು ನೆಂಟರು ಹೊರಟುಹೋದ ಮೇಲೆ ನೆಟ್ ಆಫೀಸಿನಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. ನಮ್ಮ ಮನೆಯಿಂದ ಕೆಲವು ದಿನಗಳಿಂದ ಮಧ್ಯಾಹ್ನದ ಹೊತ್ತು ವಿಪರೀತ ಡೇಟಾ ಹೊರಗೆ ಹೋಗುತ್ತಿದೆ, ಹೀಗೇ ಆದರೆ ವೇಗ ತಾನಾಗಿಯೇ ಕಡಿಮೆಯಾಗುತ್ತದೆ, ಮನೆಯಲ್ಲಿ ಆಫೀಸು ಗೀಫೀಸು ನಡೆಸುತ್ತಿದ್ದೀರಾ ಎಂದು ಕೇಳಿದಳು. ಒಬ್ಬಳೇ ಇದ್ದೀನಿ, ಸಂಜೆ ಧಾರಾವಾಹಿ ನೋಡುತ್ತೀನಿ ಎಂದೆ. ಅವಳಿಗೂ ಅರ್ಥವಾಗಲಿಲ್ಲ. ಯಾರನ್ನಾದರೂ ಕಳಿಸುತ್ತೇನೆ ಎಂದಳು.

ನೆಟ್ ಆಫೀಸಿನಿಂದ ಮಂಜುನಾಥ ಎಂಬವರು ಬಂದರು. ನನ್ನ ಊಟ ಆಗಷ್ಟೇ ಮುಗಿದಿತ್ತು. ನೆಟ್ ಡಬ್ಬಿ ಇರುವುದು ಹಜಾರದಲ್ಲೇ, ಟೀವಿಯ ಮೇಲಿನ ಹಲಗೆಯಲ್ಲಿ. ಅವರು ತಮ್ಮ ಫೋನಿನಲ್ಲಿ ನಮ್ಮ ಮನೆಯ ಲೈನು ತೆಗೆದು ನೋಡಿದರು. ಮೂರು ಹೆಸರುಗಳಿದ್ದವು. ಟೀವಿ, ನನ್ನ ಹೆಸರು, ಮತ್ತೆ 'ಅಣ್ಣ'. ಲೈನು ಹಾಕಿಸಿದ ದಿನ ಆ ಹೆಸರುಗಳನ್ನು ಬರೆಸಿದವಳು ನಾನೇ.

"ಅಣ್ಣ ಅಂತ ಇದಾರಲ್ಲ ಆಂಟಿ, ಅವರೇ. ಈಗ್ಲೂ ಕಳಿಸ್ತಾ ಇದಾರೆ."

ಅವರು ಹೇಳಿದ್ದು ಒಂದು ಫೋನಿನ ವಿಷಯ. ಆದರೆ ಅಣ್ಣ ಎಂಬ ಹೆಸರು ಕಣ್ಣೆದುರಿಗಿರುವಾಗ 'ಅದು' ಎನ್ನಲು ಅವರ ನಾಲಿಗೆ ಹೊರಳಲಿಲ್ಲ. ನಮ್ಮ ಕಡೆಯ ಯಾರಿಗೂ ಹೊರಳುವುದಿಲ್ಲ.

ಏನು ಕಳಿಸುತ್ತಿದ್ದಾನೆ ಎಂದು ಕೇಳಿದೆ. ನನ್ನ ಬಾಯಲ್ಲೂ ಹಾಗೇ ಬಂತು.

"ಎಷ್ಟು ಹೋಗ್ತಿದೆ, ಯಾವ ಹೊತ್ತಲ್ಲಿ ಹೋಗ್ತಿದೆ, ಅಷ್ಟು ನಮಗೆ ಕಾಣುತ್ತೆ. ಒಳಗೇನಿದೆ ಅಂತ ಕಾಣಲ್ಲ ಆಂಟಿ. ಬೀಗ ಹಾಕಿ ಕಳಿಸ್ತಿದಾರೆ. ಎಲ್ಲಾ ಒಂದೇ ಕಡೆಗೆ ಹೋಗ್ತಿದೆ, ಅಲ್ಲಿಂದ ಮುಂದೆ ಎಲ್ಲಿಗೆ ಅನ್ನೋದೂ ಗೊತ್ತಾಗಲ್ಲ. ಇಷ್ಟು ಭಾರ ಅಂದ್ರೆ ವಿಡಿಯೋ ಇರ್ಬೇಕು."

ಆಮೇಲೆ ಏನೋ ಒತ್ತಿ, ಸಿಗ್ನಲ್ ಪೂರ್ತಿ ಇದೆ, ಇದೇ ಹಜಾರದಲ್ಲೇ ಎಲ್ಲೋ ಇದ್ದಾರೆ ಎಂದು ತಲೆ ಎತ್ತಿದರು. ಆಗ ಅವರ ಕಣ್ಣು ಟೀವಿಯ ಪಕ್ಕದ ಫೋಟೋದ ಮೇಲೆ ಬಿತ್ತು. ಅದರ ಮುಂದೆ ದೀಪ ಉರಿಯುತ್ತಿತ್ತು. ಅದು ಅಣ್ಣನ ಫೋಟೋ ಎಂದು ನಾನೇ ಹೇಳಿದೆ. ಫೋನ್ ಕಳೆದಿರುವುದನ್ನೂ ಹೇಳಿದೆ. ಯಾರಾದರೂ ಹೆಸರು, ಗುರುತು ಎರಡನ್ನೂ ನಕಲು ಮಾಡಿರಬಹುದು ಎಂದರು. ಯಾರು, ಯಾಕೆ ಎಂದು ನಾನು ಕೇಳಿದೆ.

"ಅಣ್ಣನ್ನ ಬ್ಲಾಕ್ ಮಾಡ್ಲಾ ಆಂಟಿ?" ಎಂದು ಮೆಲ್ಲಗೆ ಕೇಳಿದರು. ಒಮ್ಮೆ ಒತ್ತಿದರೆ ಆಯಿತು, ವೇಗ ಕಡಿಮೆಯಾಗುವುದು ತಪ್ಪುತ್ತಿತ್ತು.

"ಬೇಡ. ಮುಗಿಯೋವರ್ಗೂ ಬಿಡಿ" ಎಂದೆ.

ಅವರು ಹೊರಡಬಹುದಿತ್ತು, ಹೊರಡಲಿಲ್ಲ. ನಾನು ಕಾಫಿ ಮಾಡಿಕೊಟ್ಟೆ. ಇಬ್ಬರೂ ಆ ಪುಟ್ಟ ಪರದೆಯನ್ನೇ ನೋಡುತ್ತ ಕೂತೆವು. ಫ್ಯಾನಿನ ಸದ್ದು ಬಿಟ್ಟರೆ ಮನೆಯಲ್ಲಿ ಬೇರೇನೂ ಕೇಳಿಸುತ್ತಿರಲಿಲ್ಲ. ಅಮ್ಮನ ದನಿ ಕೇಳಿಸಿತು ಎಂದು ಬರೆದರೆ ಸುಳ್ಳಾಗುತ್ತದೆ. ಕಾಫಿ ಮುಗಿದ ಮೇಲೂ ಬಹಳ ಹೊತ್ತು ಅಂಕಿಗಳು ಏರುತ್ತಲೇ ಇದ್ದವು. ಆಮೇಲೆ ನಿಂತವು. 'ಅಣ್ಣ' ಎಂಬ ಹೆಸರು ಹಸಿರಿನಿಂದ ಬೂದು ಬಣ್ಣಕ್ಕೆ ತಿರುಗಿತು.

"ಹೋದ್ರು ಆಂಟಿ" ಎಂದರು ಮಂಜುನಾಥ.

ಹೇಳಿದ ಮೇಲೆ ಅವರೇ ನಾಲಿಗೆ ಕಚ್ಚಿಕೊಂಡರು. ನನಗೆ ಬೇಸರವಾಗಲಿಲ್ಲ. ಆಸ್ಪತ್ರೆಯಲ್ಲಿ ಆ ಮಾತನ್ನು ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಅವರು ಕೂತಿದ್ದಂತೆಯೇ ನಾನು ಅತ್ತೆ. ಅಣ್ಣ ಹೋದ ಮೇಲೆ ನಾನು ಅತ್ತದ್ದು ಅದೇ ಮೊದಲು.

ಮಾರನೆಯ ದಿನ ಮಹಡಿಯ ಬಾಡಿಗೆಯ ಹುಡುಗರನ್ನು ವಿಚಾರಿಸಿದೆ. ಗದಗಿನ ಕಡೆಯವರು, ಊಟ ತಲುಪಿಸುವ ಕೆಲಸ. "ನಮ್ಮದು ಬ್ಯಾರೆ ಲೈನ್ ಐತ್ರೀ ಅಕ್ಕಾರ. ಮಧ್ಯಾಹ್ನ ನಾವು ಮನ್ಯಾಗ ಎಲ್ಲಿರ್ತೀವ್ರಿ?" ಎಂದರು. ನಿಜ, ಆ ಹೊತ್ತಿನಲ್ಲಿ ಅವರ ಗಾಡಿಗಳನ್ನು ನಾನು ಮನೆಯ ಮುಂದೆ ಕಂಡದ್ದೇ ಇಲ್ಲ. ಸೋಫಾ ಸರಿಸಿ, ಬೀರು ಸರಿಸಿ, ಹಲಗೆಯ ಹಿಂದೆಲ್ಲ ಕೈಯಾಡಿಸಿ ಹುಡುಕಿದೆ. ಒಣಗಿದ ಅವರೆಕಾಳು ಸಿಕ್ಕವು. ವಿಡಿಯೋಗಳು ಅಣ್ಣನ ಮೇಲ್ ಖಾತೆಗೇನಾದರೂ ಹೋಗಿವೆಯೇ ಎಂದು ನೋಡಲು ಪಾಸ್‌ವರ್ಡ್ ಬೇಕು, ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ನೆಟ್ ಆಫೀಸಿನವರು ಎಷ್ಟು ಹೋಯಿತು ಎಂದು ಹೇಳುತ್ತಾರೆ. ಏನು ಹೋಯಿತು ಎಂಬುದು ಅವರಿಗೂ ಗೊತ್ತಿಲ್ಲ.

ಅವತ್ತಿನಿಂದ ಆ ಹೆಸರು ಹಸಿರಾಗಿಲ್ಲ. ನನ್ನ ಫೋನಿಗೆ ಏನೂ ಬಂದಿಲ್ಲ. ಅಣ್ಣನ ಫೋನ್ ಸಿಕ್ಕಿಲ್ಲ. ಅಮ್ಮನ ಪದಗಳ ಮೊದಲ ಸಾಲುಗಳು ನನಗೆ ಬರುತ್ತವೆ. ಎರಡನೆಯ ಸಾಲು ಬರುವುದಿಲ್ಲ.