ಮೇಸ್ತ್ರಿ ಕೈಯಿಟ್ಟು ಕೇಳಿದ ಸದ್ದು

ಹೋದ ವಾರ ಹಾಸನದ ವರ್ಕ್‌ಶಾಪೊಂದರಲ್ಲಿ ನನ್ನ ಪಿಕಪ್‌ನ ಸ್ಟೇರಿಂಗ್ ಆಯಿಲ್ ಬದಲಾಯಿಸುತ್ತಿದ್ದರು. ಹಳೆಯ ಎಣ್ಣೆ ಡಬ್ಬಕ್ಕೆ ಇಳಿಯುತ್ತಿದ್ದಂತೆ ಸೀದ ವಾಸನೆ ಮೂಗಿಗೆ ಬಡಿಯಿತು. ಕುರ್ಚಿಯಲ್ಲಿ ಕೂತಿದ್ದವಳಿಗೆ ಹೊಳೆನರಸೀಪುರದ ಗ್ಯಾರೇಜ್ ಮೇಸ್ತ್ರಿ ನೆನಪಾದರು… ಹೆಸರು ಗೊತ್ತಿಲ್ಲವೆಂದಲ್ಲ. ಎಲ್ಲರಂತೆ ನಾನೂ ಮೇಸ್ತ್ರಿ ಎಂದೇ ಕರೆದು ಅಭ್ಯಾಸ.

ಅರಕಲಗೂಡಿನ ಹತ್ತಿರ ನಮ್ಮದು ತರಕಾರಿ ಸಸಿಗಳ ನರ್ಸರಿ. ಕೋಸು, ಟೊಮೆಟೊ, ಮೆಣಸಿನ ಸಸಿಗಳನ್ನು ಟ್ರೇಗಳಲ್ಲಿ ಬೆಳೆಸಿ ರೈತರ ಹೊಲಕ್ಕೇ ತಲುಪಿಸುತ್ತೇವೆ. ನಮ್ಮ ಡ್ರೈವರ್ ಹೇಳದೆ ಕೇಳದೆ ಬಿಟ್ಟುಹೋದ ವರ್ಷ ನಾನೇ ಪಿಕಪ್ ಓಡಿಸಲು ಕಲಿತೆ. ನನ್ನ ಗಂಡನಿಗೆ ಸಸಿ ಸಾಕುವುದು ಚೆನ್ನಾಗಿ ಬರುತ್ತಿತ್ತು, ಗಾಡಿಯೆಂದರೆ ಭಯ.

ಅದೇ ವರ್ಷ ಸ್ಟೇರಿಂಗ್‌ನಲ್ಲಿ ಸದ್ದು ಶುರುವಾಯಿತು. ತಿರುವಿನಲ್ಲಿ, ಗುಂಡಿಗೆ ಇಳಿದು ಹತ್ತುವಾಗ ಕಟಕ್ ಎನ್ನುತ್ತಿತ್ತು. ಒಬ್ಬರು ಎಣ್ಣೆ ತುಂಬಿಸಿದರು, ಇನ್ನೊಬ್ಬರು ಬೆಲ್ಟ್ ಬದಲಾಯಿಸಿದರು. ಎರಡು ದಿನ ಸುಮ್ಮನಿದ್ದು ಮತ್ತೆ ಕಟಕ್. ಮೂರನೆಯವರು ನಕ್ಕು, "ಓಡಿಸ್ತಾ ಓಡಿಸ್ತಾ ಅಭ್ಯಾಸ ಆಯ್ತದೆ ಬುಡಕ್ಕ" ಎಂದರು. ಹೆಂಗಸಿಗೆ ಸಣ್ಣ ಸದ್ದೂ ದೊಡ್ಡದಾಗಿ ಕೇಳುತ್ತದೆಂದು ಅವರ ಎಣಿಕೆ.

ಒಂದು ಬೆಳಿಗ್ಗೆ ಬಾಗೂರಿಗೆ ಕೋಸಿನ ಸಸಿ ಹೇರಿಕೊಂಡು ಹೊರಟಿದ್ದೆ. ಹೊಳೆನರಸೀಪುರ ಬರುವಷ್ಟರಲ್ಲಿ ನೆಟ್ಟಗಿನ ರಸ್ತೆಯಲ್ಲೂ ಸದ್ದು ಬರತೊಡಗಿತು. ರಸ್ತೆ ಪಕ್ಕ ಕಂಡ ಗ್ಯಾರೇಜಿನ ತಗಡಿನ ಶೆಡ್ಡಿನ ಮುಂದೆ ನಿಲ್ಲಿಸಿದೆ. ಹೆಗಲ ಮೇಲೆ ಮಸಿಬಟ್ಟೆ ಹಾಕಿಕೊಂಡ, ಅರವತ್ತರ ಆಸುಪಾಸಿನ ಸಣಕಲು ಮೇಸ್ತ್ರಿ ಎದ್ದು ಬಂದರು.

"ತಿರುಗಿಸ್ದಾಗ ಬತ್ತದಾ, ಗುಂಡಿಗೆ ಬಿದ್ದಾಗ್ಲಾ?"

ನಾನು ವಿವರಿಸುವಷ್ಟು ಹೊತ್ತೂ ಅವರು ನನ್ನ ಮುಖದಿಂದ ಕಣ್ಣು ಕೀಳಲಿಲ್ಲ. ಅಷ್ಟು ದಿನಗಳಲ್ಲಿ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡವರು ಇವರೊಬ್ಬರೇ ಅನ್ನಿಸಿತು.

"ಸ್ಟಾರ್ಟ್ ಮಾಡಿ ಸ್ಟೇರಿಂಗ್‌ನ ಎಡಕ್ಕೊಂಚೂರು, ಬಲಕ್ಕೊಂಚೂರು ಆಡುಸ್ತಿರಿ. ನಾ ಎದ್ದು ಬರೋಗಂಟ ನಿಲ್ಲುಸ್ಬ್ಯಾಡಿ" ಎಂದು ಗಾಡಿಯ ಕೆಳಗೆ ಸರಿದರು.

ಆಡಿಸಿದೆ, ಆಡಿಸಿದೆ… ತೋಳು ಸೋತಿತು. "ಸಾಕಾ ಮೇಸ್ತ್ರಿ?" ಎಂದೆ. ಉತ್ತರವಿಲ್ಲ. ಎಂಜಿನ್ ಆರಿಸಿ ಕಿರುಚಿದೆ. ಆಗಲೂ ಇಲ್ಲ. ಏನಾಯಿತೋ ಎಂದು ಗಾಬರಿಯಿಂದ ಇಳಿದು ಬಗ್ಗಿ ನೋಡಿದರೆ, ಮೇಸ್ತ್ರಿ ಕಣ್ಣು ಮುಚ್ಚಿಕೊಂಡು, ಎಡಚಕ್ರದ ಹತ್ತಿರದ ಕೀಲನ್ನು ಅಂಗೈಯಲ್ಲಿ ಹಿಡಿದು ಮಲಗಿದ್ದರು. ಮತ್ತೆ ಕೂಗಿದೆ. ರೆಪ್ಪೆಯೂ ಅಲುಗಲಿಲ್ಲ. ಎಷ್ಟು ಹೊತ್ತಾದರೂ ಸ್ಟೇರಿಂಗ್ ಮತ್ತೆ ಆಡದ್ದು ಕೈಗೆ ತಿಳಿದಿರಬೇಕು, ಕಣ್ಣು ಬಿಟ್ಟವರು ನನ್ನನ್ನು ಕಂಡು ಬೆಚ್ಚಿದರು.

ಹೊರಗೆ ಬಂದು ಮಸಿಬಟ್ಟೆಗೆ ಕೈ ಒರೆಸಿಕೊಂಡರು.

"ಕಿವಿ ಓಗಿ ಮೂರು ವರ್ಸ ಆಯ್ತು ಕಣವ್ವ. ತುಟಿ ನೋಡ್ಕಂಡು ಮಾತಾಡ್ತೀನಿ. ಯಾರ್ಗೂ ಏಳ್ಬ್ಯಾಡಿ. ಸೌಂಡೇ ಕೇಳ್ದೆ ಇರೋನ್ ತಾವ ಯಾರ್ ಗಾಡಿ ತತ್ತಾರೆ?"

ಹೇಳುವುದಿಲ್ಲ ಎಂದೆ. ಆಮೇಲೆ ನನ್ನ ಕೈಯನ್ನು ಆ ಕೀಲಿನ ಮೇಲಿಡಿಸಿ ತಾವೇ ಸ್ಟೇರಿಂಗ್ ಆಡಿಸಿದರು. ಬೀಳಲಿರುವ ಹಲ್ಲಿನ ಹಾಗೆ ಕೀಲಿನೊಳಗಿನ ಕಬ್ಬಿಣದ ಗುಂಡು ಅಲುಗಾಡುವುದು ಅಂಗೈಗೆ ತಿಳಿಯಿತು.

"ಇದು ಕಳಚ್ಕಂಡ್ರೆ ನೀವೆತ್ಲಾಗ್ ತಿರುಗುಸುದ್ರೂ ಚಕ್ರ ಅದರ್ ಪಾಡಿಗೆ ಓಯ್ತದೆ."

"ಬಾಗೂರಿಗೆ ಹೋಗಿ ಬಂದ್ಬಿಡ್ತೀನಿ ಮೇಸ್ತ್ರಿ. ಸಸಿ ಬಾಡ್ತವೆ."

"ಬಾಡ್ಲಿ. ಕೀ ಕೊಡಾಕಿಲ್ಲ" ಎಂದು ಕೀಲಿಕೈ ಜೇಬಿಗಿಳಿಸಿಕೊಂಡರು.

ನನಗೆ ಕೆಟ್ಟ ಸಿಟ್ಟು ಬಂತು. ಅವರು ತಲೆ ಕೆಡಿಸಿಕೊಳ್ಳದೆ ಟ್ರೇಗಳಿಗೆ ನೀರು ಚಿಮುಕಿಸಿ, ಒದ್ದೆ ಗೋಣಿಚೀಲ ಹೊದಿಸಿದರು. ನನ್ನಿಂದಲೇ ಫೋನು ಮಾಡಿಸಿ ಹಾಸನದಿಂದ ಬಸ್ಸಿನಲ್ಲಿ ಹೊಸ ಕೀಲು ತರಿಸಿದರು. ಹಳೆಯದನ್ನು ಬಿಚ್ಚಿ ಸುತ್ತಿಗೆಯಿಂದ ಒಂದೇ ಒಂದು ಸಣ್ಣ ಏಟು ಕೊಟ್ಟರು. ಗುಂಡು ಗೂಡಿನಿಂದ ಕಳಚಿ ಅವರ ಅಂಗೈಗೆ ಬಿತ್ತು. ಬೆಳಿಗ್ಗೆ ಆ ಗುಂಡನ್ನೇ ನಂಬಿ ನಾನು ದಾರಿಯ ಸೇತುವೆ ದಾಟಿ ಬಂದಿದ್ದೆ. ಅಲ್ಲೇ ಕಲ್ಲಿನ ಮೇಲೆ ಕೂತೆ. ಸಂಜೆಗೆ ಬಾಗೂರು ಸೇರುವವರೆಗೂ ಸ್ಟೇರಿಂಗ್ ಒಂದು ಸಲವೂ ಸದ್ದು ಮಾಡಲಿಲ್ಲ.

ಆಮೇಲೆ ನಾನು ಮಾಡಿದ್ದನ್ನು ಹೇಳಬೇಕು.

ಚನ್ನರಾಯಪಟ್ಟಣದಲ್ಲಿ ಒಂದು ದಿನ ತೆಂಗಿನಕಾಯಿ ಸಾಗಿಸುವ ಪಿಕಪ್‌ನವರೊಬ್ಬರು ತಮ್ಮ ಗಾಡಿಯಲ್ಲೂ ಅಂಥದೇ ಸದ್ದೆಂದು ಗೋಳಾಡುತ್ತಿದ್ದರು. ಸುತ್ತ ನಾಲ್ಕೈದು ಡ್ರೈವರುಗಳು. "ಹೊಳೆನರಸೀಪುರದ ಮೇಸ್ತ್ರಿ ಹತ್ರ ಹೋಗಣ್ಣ. ಕಿವಿ ಒಂಚೂರೂ ಕೇಳಲ್ಲ, ಆದ್ರೂ ಕೈಯಿಟ್ಟೇ ಕಂಡುಹಿಡೀತಾರೆ!" ಎಂದೆ. ಜಂಬದಿಂದಲೇ ಅಂದೆ, ನಮ್ಮ ಮನೆಯವರ ಬಗ್ಗೆ ಹೇಳುವ ಹಾಗೆ. ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ…

ಎರಡು ತಿಂಗಳು ಬಿಟ್ಟು ಹೋದಾಗ ಶೆಡ್ಡಿನಲ್ಲಿ ಒಂದು ಗಾಡಿಯೂ ಇರಲಿಲ್ಲ. ಮೇಸ್ತ್ರಿ ನನ್ನ ತುಟಿಯನ್ನೇ ನೋಡುತ್ತಾ ಕೇಳಿದರು: "ನೀವೇ ಏಳಿದ್ದಾ?"

"ಹೂಂ ಮೇಸ್ತ್ರಿ. ನಿಮ್ಮನ್ನ ಹೊಗಳೋಕೆ ಅಂತ…"

"ಗೊತ್ತು ಕಣವ್ವ. ಆದ್ರೂ ಏಳ್ಬಾರ್ದಾಗಿತ್ತು."

ಅಷ್ಟೇ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆನೇನೋ. ಅವರು ಎದ್ದು, ನಾನು ಬೇಡವೆಂದರೂ, ನನ್ನ ಗಾಡಿಯ ಕೀಲುಗಳಿಗೆ ಗ್ರೀಸ್ ಹಾಕಿದರು.

ತಪ್ಪು ತಿದ್ದಲು ಊರೂರಿನ ಡ್ರೈವರುಗಳನ್ನು ಹಿಡಿದು, ಮೇಸ್ತ್ರಿ ಹತ್ತಿರವೇ ಗಾಡಿ ಒಯ್ಯಿರೆಂದು ಹೇಳಿದೆ. ಮೂವರು ಬಂದರು. ಅವರಲ್ಲೊಬ್ಬ, ನಾನೂ ಅಲ್ಲಿದ್ದಾಗಲೇ, ಮೇಸ್ತ್ರಿ ಬೆನ್ನು ತಿರುಗಿಸಿದ ಕೂಡಲೇ, "ಆರನ್ನೂ ಕೇಳ್ಸಾಕಿಲ್ವಂತೆ ಕಣ್ಲಾ, ಒಡೀಲಾ?" ಎಂದು ಹಾರನ್ ಮೇಲೆ ಕೈಯಿಟ್ಟು ಜೊತೆಗಾರನ ಕಡೆ ನೋಡಿ ನಕ್ಕ. ಮಾತು ಕೇಳದಿದ್ದರೂ ಮೇಸ್ತ್ರಿ ತಿರುಗುವಾಗ ಆ ನಗು ಅವನ ಮುಖದ ಮೇಲೆ ಇನ್ನೂ ಇತ್ತು. ಅವರು ಹಿಡಿದ ಕೆಲಸ ಪೂರ್ತಿ ಮುಗಿಸಿದರು. ಮುಂದಿನ ತಿಂಗಳು ಶೆಡ್ಡಿಗೆ ಬೀಗ ಬಿದ್ದಿತ್ತು. ಮಗಳ ಮನೆಗೆ ಹೋದರೆಂದು ಎದುರಿನ ಟೀ ಅಂಗಡಿಯವರು ಹೇಳಿದರು. ಹೋದ ವರ್ಷ ಅವರು ತೀರಿಕೊಂಡರೆಂದೂ ಅದೇ ಅಂಗಡಿಯಲ್ಲೇ ಗೊತ್ತಾಯಿತು. ಅಷ್ಟರಲ್ಲಿ ಅವರು ತೀರಿಕೊಂಡು ತಿಂಗಳು ಕಳೆದಿತ್ತು.

ಹಾಸನದ ವರ್ಕ್‌ಶಾಪಿನಲ್ಲಿ, ಆಯಿಲ್ ಬದಲಾಯಿಸಿದ ಮೇಲೆ ಚಕ್ರದ ಕೀಲನ್ನೂ ಅಂಗೈಯಲ್ಲಿ ಹಿಡಿದು ನೋಡಿ ಎಂದೆ. ಮೆಕ್ಯಾನಿಕ್ ಅಚ್ಚರಿಪಟ್ಟು, "ಇದನ್ನ ಯಾರ್ ಹೇಳ್ಕೊಟ್ರು ಮೇಡಂ?" ಎಂದ.

"ಹೊಳೆನರಸೀಪುರದ ಒಬ್ರು ಮೇಸ್ತ್ರಿ" ಎಂದು ಅಲ್ಲಿಗೇ ನಿಲ್ಲಿಸಿದೆ. ಕಿವಿಯ ವಿಷಯ ಹೇಳಲಿಲ್ಲ.

ಇವತ್ತು ಅದನ್ನೂ ಸೇರಿಸಿ ಎಲ್ಲವನ್ನೂ ಬರೆದಿದ್ದೇನೆ. ಇನ್ನು ಇದನ್ನು ಓದಿ ಅವರ ಶೆಡ್ಡಿನ ಮುಂದಿನಿಂದ ಗಾಡಿ ತಿರುಗಿಸಿಕೊಂಡು ಹೋಗುವವರು ಯಾರೂ ಇಲ್ಲ.