ಗದ್ದೆಗೆ ಹೋದ ಸಿ.ಡಿ., ಮಸ್ಕಿಗೆ ಹೋದ ಪತ್ರಿಕೆ

೨೦೨೪ರ ಮಾರ್ಚ್ ೧೦, ಭಾನುವಾರ. ಎಂದೋ ನಿಂತುಹೋದ ಕಂಪ್ಯೂಟರ್ ಮಾಸಪತ್ರಿಕೆ ‘ಗಣಕ ಜೋಳಿಗೆ’ಯ ನೆನಪಿನ ಸಂಚಿಕೆ ಅಂದು ಬಿಡುಗಡೆಯಾಯಿತು. ಅದರಲ್ಲಿ ಹೀಗೆ ಅಚ್ಚಾಗಿದೆ: ‘ಸಿಂಧನೂರಿನಲ್ಲಿ ನಮ್ಮನ್ನು ಕೊಳ್ಳುವವರಿದ್ದರು, ಓದುವವರು ಒಬ್ಬರೂ ಇರಲಿಲ್ಲ. ಅಲ್ಲಿಯ ಏಜೆಂಟರು ನಮ್ಮ ಸಿ.ಡಿ.ಗಳನ್ನು ಹಕ್ಕಿ ಓಡಿಸಲು ಮಾರಿದರು.’ ಸಿ.ಡಿ.ಗಳು ಹಕ್ಕಿ ಓಡಿಸಿದ್ದು ನಿಜ. ಓದುವವರಿರಲಿಲ್ಲ ಎಂಬುದು ಶುದ್ಧ ಸುಳ್ಳು.

ಆ ಏಜೆಂಟರೆಂದರೆ ಸಿಂಧನೂರು ಬಸ್ ನಿಲ್ದಾಣದ ಎದುರು ಪತ್ರಿಕೆ ಮಾರುವ ಬುಡ್ಡೇಸಾಬರು. ಅವರು ಅದನ್ನು ಓದಿ ಟೋಪಿ ತೆಗೆದರು, ಕೊಡವಿದರು, ಮತ್ತೆ ಇಟ್ಟುಕೊಂಡರು. ಓದುಗರಿಲ್ಲದೆ ಪತ್ರಿಕೆ ಮಾರಿದವನೆಂದರೆ, ಅವರ ಪಾಲಿಗೆ, ನೀರು ಬೆರೆಸಿ ಹಾಲು ಮಾರಿದವನೆಂದ ಹಾಗೆ.

ನಡೆದದ್ದು ಇಷ್ಟು. ೨೦೦೪ರಲ್ಲಿ, ಭತ್ತಕ್ಕೆ ಹಾಲು ತುಂಬುವ ಹೊತ್ತಿಗೆ, ಗೊರೇಬಾಳದ ರೈತ ಹನುಮಂತರಾಯರು ಅಂಗಡಿಗೆ ಬಂದರು. ಪತ್ರಿಕೆಯ ಜೊತೆ ಉಚಿತವಾಗಿ ಬರುತ್ತಿದ್ದ ಸಿ.ಡಿ. ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು.

“ಸಾಬಣ್ಣ, ಆ ಮಿಂಚೋ ಬಿಲ್ಲೆ ಕೊಡು. ಗುಬ್ಬಿ ಕಾಟ ಹೆಚ್ಚಾಗೇತಿ.”

“ಬಿಲ್ಲೆ ಒಂದ ಕೊಡಾಕ ಬರಂಗಿಲ್ರೀ ಗೌಡ್ರ. ಪುಸ್ತಕನೂ ಒಯ್ಯಬೇಕು.”

“ಪುಸ್ತಕ ಒಯ್ದು ಏನ್ ಮಾಡ್ಲಿ ಮಾರಾಯ? ಗುಬ್ಬಿಗೆ ಓದಿ ಹೇಳ್ಲೇನು?”

ಪೂರ್ತಿ ಬೆಲೆ ಕೊಟ್ಟು, ಸಿ.ಡಿ. ಕಿತ್ತುಕೊಂಡು, ಪತ್ರಿಕೆಯನ್ನು ಅಲ್ಲೇ ಬಿಟ್ಟು ಹೋದರು. ದಾರಕ್ಕೆ ಕಟ್ಟಿದ ಸಿ.ಡಿ. ಗಾಳಿಗೆ ತಿರುಗಿ ಮಿಂಚಿದ್ದೇ ತಡ, ಗುಬ್ಬಿಗಳು ಪಕ್ಕದ ಗದ್ದೆಗೆ ಹಾರಿದವು. ಪಕ್ಕದ ಗದ್ದೆಯವರೂ ಅಂಗಡಿಗೆ ಬಂದರು. ಮರುತಿಂಗಳು ಬುಡ್ಡೇಸಾಬರು ಹೆಚ್ಚು ಪ್ರತಿ ತರಿಸಿದರು.

ಉಳಿದ ಪತ್ರಿಕೆಗಳನ್ನು ಅವರು ರದ್ದಿಗೆ ಹಾಕಲಿಲ್ಲ. ಕಟ್ಟು ಕಟ್ಟಿ ಲಿಂಗಸುಗೂರು ಬಸ್ಸಿನ ಕಂಡಕ್ಟರ ಕೈಗಿಟ್ಟು, ದಾರಿಯಲ್ಲಿ ಸಿಗುವ ಮಸ್ಕಿಯಲ್ಲಿ ಇಳಿಸಲು ಹೇಳಿದರು. ಅಲ್ಲಿಯ ಟೈಪಿಂಗ್ ಶಾಲೆಯಲ್ಲಿ ಕಲಿಯುವ ವಿಜಯಶ್ರೀ ಮತ್ತು ಗೆಳತಿಯರಿಗೆ ಅವು ಪುಕ್ಕಟೆ. ಶಾಲೆಗೆ ಇದ್ದದ್ದು ಒಂದೇ ಕಂಪ್ಯೂಟರ್. ಸರದಿ ಬರುವ ತನಕ ಹುಡುಗಿಯರು ಪತ್ರಿಕೆಯಲ್ಲಿದ್ದ ಕೀಲಿಮಣೆಯ ಚಿತ್ರದ ಮೇಲೆಯೇ ಬೆರಳಾಡಿಸಿ ಪಾಠ ಗಟ್ಟಿ ಮಾಡಿಕೊಳ್ಳುತ್ತಿದ್ದರು. ಅವರು ಓದಿ ಮುಗಿಸಿದ ಪ್ರತಿಗಳು ಲಿಂಗಸುಗೂರಿನ ಗೆಳತಿ ರಾಜಶ್ರೀಗೆ ಹೋಗುತ್ತಿದ್ದವು.

ಪತ್ರಿಕೆಯ ಕಚೇರಿಯಿಂದ ಫೋನ್ ಬಂತು. “ನಿಮ್ಮೂರಲ್ಲಿ ಅಷ್ಟೊಂದು ಕಂಪ್ಯೂಟರ್ ಇದೆಯೇನ್ರೀ?”

“ಕಂಪ್ಯೂಟರ್ ಕಡಿಮೀರಿ ಸರ್. ಹಕ್ಕಿ ಭಾಳ ಅದಾವ.”

ಮಾತು ಅರ್ಥವಾಗದೆ ಕಚೇರಿಯವರೊಬ್ಬರು ತಾವೇ ಬಂದರು. ಬುಡ್ಡೇಸಾಬರು ಬೈಕಿನಲ್ಲಿ ಕೂರಿಸಿಕೊಂಡು ಗೊರೇಬಾಳದ ಗದ್ದೆ ತೋರಿಸಿದರು. ಬಂದವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಮಸ್ಕಿಗೆ ಬರ್ರಿ ಸರ್, ಓದೋರನ್ನ ತೋರಸ್ತೀನಿ” ಎಂದರೆ, ಬಸ್ಸಿಗೆ ಹೊತ್ತಾಯಿತೆಂದು ಹೊರಟೇಬಿಟ್ಟರು. ತಪ್ಪು ಹುಟ್ಟಿದ್ದು ಅಲ್ಲಿಯೇ.

ಮುಂದೆ ಸಿ.ಡಿ. ನಿಂತು, ಅದರ ಜಾಗದಲ್ಲಿ ಇಂಟರ್‌ನೆಟ್ ವಿಳಾಸ ಅಚ್ಚಾಯಿತು. ಹನುಮಂತರಾಯರು ಪುಟ ತಿರುವಿ, “ಈ ವಿಳಾಸ ಕಟ್ಟಿದ್ರ ಗುಬ್ಬಿ ಹೆದರ್ತಾವೇನೋ ಸಾಬಣ್ಣ?” ಎಂದು ಕೇಳಿ ಹೋದವರು ಮತ್ತೆ ಕೊಳ್ಳಲಿಲ್ಲ. ಪುಕ್ಕಟೆ ಪ್ರತಿ ತಪ್ಪಿದರೂ ಮಸ್ಕಿಯ ಹುಡುಗಿಯರು ಬಿಡಲಿಲ್ಲ. ಎಲ್ಲರೂ ಸೇರಿ ಕೊಂಡರು. ಪುಟಗಳು ತೆಳುವಾದವು, ಸಂಚಿಕೆಗಳು ತಡವಾದವು. ಕೊನೆಯ ಸಂಚಿಕೆಯನ್ನೂ ಅವರು ಕೊಂಡೇ ಓದಿದರು.

ನೆನಪಿನ ಸಂಚಿಕೆಯ ಸುದ್ದಿ ತಿಳಿದು, ಈಗ ಮಸ್ಕಿಯಲ್ಲಿ ತನ್ನದೇ ಕಂಪ್ಯೂಟರ್ ಶಾಲೆ ನಡೆಸುವ ವಿಜಯಶ್ರೀ ಗೆಳತಿಯರನ್ನು ಕಟ್ಟಿಕೊಂಡು ಸಿಂಧನೂರಿಗೆ ಬಂದಳು.

“ಓದೋರ ಇದ್ದಿಲ್ಲಂತ ಬರದಾರಲ್ಲ ಚಾಚಾ, ನಾವೇನು ಗುಬ್ಬಿಗಳೇನು?”

“ಗುಬ್ಬಿ ಆಗಿದ್ರ ಬಿಲ್ಲೆ ನೋಡಿ ಓಡಿ ಹೋಗ್ತಿದ್ರೆವ್ವಾ,” ಎಂದು ಬುಡ್ಡೇಸಾಬರು ಅಂದು ಮೊದಲ ಬಾರಿಗೆ ನಕ್ಕರು. ಹೆಂಗಸರ ನಗೆಗೆ ಬಸ್ಸಿಗೆ ಕಾದವರೆಲ್ಲ ತಿರುಗಿ ನೋಡಿದರು.

ಆದ್ದರಿಂದ ನೆನಪಿನ ಸಂಚಿಕೆಯ ಸಂಪಾದಕರು ಆ ವಾಕ್ಯವನ್ನು ಹಿಂದೆಗೆದುಕೊಳ್ಳಬೇಕು. ತಿದ್ದುಪಡಿಯನ್ನು ಅಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ, ಸಿಂಧನೂರಿಗೆ ತಾವೇ ತಂದು ಬುಡ್ಡೇಸಾಬರ ಕೈಗೆ ಕೊಡಬೇಕು. ಈ ಸಲ ಹೊತ್ತಾಯಿತೆನ್ನದೆ ಮಸ್ಕಿ ಬಸ್ಸನ್ನೂ ಹತ್ತಬೇಕು.